ಸೊಣ್ಣಪ್ಪನ ಬೆಳ್ಳಿ ಕಣ್ಣು

ಎರಡು ಕಣ್ಣೂ ಒಂದೇ ಕಡೆ ಇದ್ದವು, ಅದು ಖಂಡಿತ. ಆದರೆ ಬಲಗಡೆಯೋ ಎಡಗಡೆಯೋ?

ಬೂದಿಕೋಟೆ ಬಸ್ಸಿನಲ್ಲಿ ಎರಡು ಖಾಲಿ ಹಾಲಿನ ಕ್ಯಾನುಗಳ ನಡುವೆ ಮೊಣಕಾಲು ಸಿಕ್ಕಿಸಿಕೊಂಡು ಕೂತಿದ್ದ ಆದಿನಾರಾಯಣನಿಗೆ ಇದು ನೆನಪಾಗಲಿಲ್ಲ. ಹದಿನೆಂಟು ವರ್ಷದ ಹಿಂದೆ ತಾನೇ ಬರೆದ ಚಿತ್ರ. ಇದೊಂದಾದರೂ ಸರಿಯಾಗಿ ಬಂತು ಎಂದು ಆಗ ಅನ್ನಿಸಿದ್ದ ಚಿತ್ರ. ಕಣ್ಣು ಮುಚ್ಚಿ ನೋಡಿದ. ದವಡೆ ಬಂತು, ಮೂಗು ಬಂತು, ಗಣಿಯ ಟೋಪಿ ಮೇಲಿನಿಂದ ನೋಡಿದ ಹಾಗೆ ಗುಂಡಗೆ ಬಂತು. ಕಣ್ಣು ಮಾತ್ರ ಬರಲಿಲ್ಲ.

ಅಂಗಿಯ ಜೇಬಿನಲ್ಲಿ ಎರಡು ಕಾಗದಗಳಿದ್ದವು. ಒಂದು, ಅರವತ್ತೈದನೇ ಇಸವಿಯ ಪತ್ರಿಕೆಯ ತುಂಡು. ಬೆಂಗಳೂರಿನಲ್ಲಿ ಅವನ ಚಿತ್ರಗಳ ಒಂದೇ ಒಂದು ಪ್ರದರ್ಶನ ನಡೆದಾಗ ಒಬ್ಬ ವಿಮರ್ಶಕರು ಬರೆದದ್ದು: 'ಮೈಸೂರು ರಾಜ್ಯದ ಮೊದಲ ಕ್ಯೂಬಿಸ್ಟ್ ಎಂದು ಇವರನ್ನು ಕರೆಯಬಹುದೇನೋ.' ಕಾಗದ ಮಡಿಸಿ ಮಡಿಸಿ ಆ ಸಾಲಿನ ಕೊನೆ ಸವೆದುಹೋಗಿತ್ತು. ಹೋದದ್ದು ಅನುಮಾನದ ಭಾಗವಾದ್ದರಿಂದ ಆದಿನಾರಾಯಣನಿಗೆ ಅಷ್ಟೇನೂ ಬೇಸರವಿರಲಿಲ್ಲ.

ಇನ್ನೊಂದು, ಅದೇ ವಿಮರ್ಶಕರು ಕಳೆದ ವಾರ ಬರೆದ ಕಾರ್ಡು. ಅವರು ಈಗ ರಾಜ್ಯದ ಹೊಸ ಚಿತ್ರಕಲೆಯ ಮೊದಲಿಗರ ಬಗ್ಗೆ ಪುಸ್ತಕ ಬರೆಯುತ್ತಿದ್ದಾರೆ. ಆದಿನಾರಾಯಣನನ್ನು ಸೇರಿಸುವ ಯೋಚನೆ ಇದೆ, ಆದರೆ ಚಿತ್ರ ನೋಡದೆ ಹೇಗೆ? ಭಾನುವಾರ ಮಧ್ಯಾಹ್ನದ ಗಾಡಿಯಲ್ಲಿ ಮದರಾಸಿಗೆ ಹೊರಟಿದ್ದಾರೆ. ಬಂಗಾರಪೇಟೆಯಲ್ಲಿ ಐದು ನಿಮಿಷ ನಿಲ್ಲುತ್ತದೆ. ಮುಖ್ಯವಾದ ಒಂದು ಚಿತ್ರವನ್ನು ಪ್ಲಾಟ್‌ಫಾರ್ಮಿಗೆ ತಂದರೆ ಫಸ್ಟ್ ಕ್ಲಾಸಿನ ಕಿಟಕಿಯಿಂದಲೇ ನೋಡಿ ತೀರ್ಮಾನಿಸಬಹುದು.

ಇಪ್ಪತ್ತು ವರ್ಷದ ಸಾಧನೆಗೆ ಐದು ನಿಮಿಷ. ಕಡಿಮೆಯೇನಲ್ಲ ಎಂದು ಅವನು ಲೆಕ್ಕ ಹಾಕಿದ್ದ. ನೋಡಲು ಎರಡು ನಿಮಿಷ, ಮೆಚ್ಚಲು ಒಂದು. ಇನ್ನೆರಡು ನಿಮಿಷ ಸುಮ್ಮನೆ ಮಾತು.

"ಮುಖ ನೆಟ್ಟಗೆ ಬರೆಯೋಕೆ ಬರಲ್ಲ ಅಂತ ಉರಿಗಾಂಗೆಲ್ಲ ಗೊತ್ತಿದೆ. ಈಗ ಪುಸ್ತಕದಲ್ಲೂ ಬರಬೇಕಾ?" ಎಂದಿದ್ದಳು ಹೆಂಡತಿ ಅನಸೂಯಮ್ಮ, ಬೆಳಿಗ್ಗೆ ಕಾಫಿ ಕೊಡುತ್ತ. ಆಮೇಲೆ ಅವನ ಒಳ್ಳೆಯ ಅಂಗಿಯನ್ನು ತಾನಾಗೇ ಇಸ್ತ್ರಿ ಮಾಡಿಕೊಟ್ಟಳು.

ಮುಖ್ಯವಾದ ಒಂದು ಚಿತ್ರ ಎಂದು ಆರಿಸುವ ಕಷ್ಟ ಅವನಿಗಿರಲಿಲ್ಲ. ಉಳಿದಿದ್ದದ್ದೇ ಒಂದು. ಮಿಕ್ಕ ಹದಿನೇಳನ್ನೂ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ಗೆದ್ದಲು ತಿಂದಿತ್ತು. ಉರಿಗಾಂನಲ್ಲಿ ಅವನ ಕಲೆಯನ್ನು ಪೂರ್ತಿಯಾಗಿ ಅರಗಿಸಿಕೊಂಡದ್ದು ಅದೊಂದೇ.

ಮದರಾಸಿನ ಚಿತ್ರಕಲಾ ಶಾಲೆಯಲ್ಲಿ ಓದುವಾಗ ಒಂದು ಪುಸ್ತಕದಲ್ಲಿ, ಮಸಿ ಹತ್ತಿದ ಚಿಕ್ಕದೊಂದು ಅಚ್ಚಿನಲ್ಲಿ, ಅವನು ಮೊದಲು ಕ್ಯೂಬಿಸಂ ನೋಡಿದ್ದ. ಒಂದು ಮುಖವನ್ನು ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಒಟ್ಟಿಗೇ ನೋಡಿ, ಮುರಿದು, ಒಂದೇ ಹಲಗೆಯ ಮೇಲೆ ಜೋಡಿಸುವುದು. ಆಗ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಉರಿಗಾಂನ ಚಿನ್ನದ ಗಣಿಯ ಡ್ರಾಯಿಂಗ್ ಆಫೀಸಿಗೆ ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿ ನೆಲದೊಳಗಿನ ಸುರಂಗವನ್ನು ಮೇಲಿನಿಂದ ಒಂದು ಸಲ, ಪಕ್ಕದಿಂದ ಒಂದು ಸಲ, ಸೀಳಿ ಒಂದು ಸಲ, ಒಂದೇ ಹಾಳೆಯಲ್ಲಿ ಬರೆಯಬೇಕಿತ್ತು. ಪ್ಯಾರಿಸ್ಸಿನ ದೊಡ್ಡವರು ಊಟ ನಿದ್ದೆ ಬಿಟ್ಟು ಕಂಡುಹಿಡಿದದ್ದನ್ನು ಇಲ್ಲಿ ಹತ್ತು ಜನ ಗುಮಾಸ್ತರು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಸಂಬಳಕ್ಕೆ ಮಾಡುತ್ತಿದ್ದರು.

ಸೊಣ್ಣಪ್ಪ ಗಣಿಯಲ್ಲಿ ಮರದ ಆಸರೆ ಕಟ್ಟುವ ಆಳು. ಆರು ಭಾನುವಾರ ಬಂದು ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದ. ಸ್ಟೋರಿನ ಪ್ಯಾಕಿಂಗ್ ಪೆಟ್ಟಿಗೆಯ ಪ್ಲೈವುಡ್ಡಿನ ಮೇಲೆ ಆದಿನಾರಾಯಣ ಅವನನ್ನು ಬರೆದ. ಮುಗಿದ ಮೇಲೆ ತನ್ನ ಹೆಸರನ್ನು ಹಿಂಬದಿಗೆ ಬರೆದ. ಪ್ಯಾರಿಸ್ಸಿನ ಆ ದೊಡ್ಡವರು ಒಂದು ಕಾಲಕ್ಕೆ ಹಾಗೆ ಮಾಡುತ್ತಿದ್ದರೆಂದು ಓದಿದ್ದ. ಸೊಣ್ಣಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿ, "ಇದ್ರಾಗೆ ನಾನೆಲ್ಲಿದೀನಿ ಸಾಮಿ?" ಎಂದಿದ್ದ. ಎರಡು ವರ್ಷದ ಮೇಲೆ ಗಣಿಯಲ್ಲಿ ಬಂಡೆ ಸಿಡಿದು ಸತ್ತ. ಹೆಂಡತಿ ಬಂದು, ಅವರದು ಬೇರೆ ಫೋಟೋ ಇಲ್ಲ, ಇದನ್ನು ಕೊಡಿ ಎಂದು ಕೇಳಿದಳು. ಕೊಟ್ಟುಬಿಟ್ಟ. ಕೊಡುವಾಗ ತಾನು ದೊಡ್ಡ ಮನುಷ್ಯ ಅನ್ನಿಸಿತ್ತು. ಆ ಅನಿಸಿಕೆ ಎರಡು ದಿನ ಇತ್ತು.

ಬಸ್ಸು ಬೂದಿಕೋಟೆಯಲ್ಲಿ ನಿಂತಿತು. ಬಲಗಡೆ, ಎಂದು ತೀರ್ಮಾನಿಸಿಕೊಂಡು ಅವನು ಇಳಿದ.

ಸೊಣ್ಣಪ್ಪನ ಮಗ ಕೋದಂಡಪ್ಪ ಮನೆಯ ಮುಂದೆ ಸೀಮೆಹಸುವಿನ ಮೈ ತೊಳೆಯುತ್ತಿದ್ದ.

"ಯಾರು ಬೇಕಿತ್ತು?"

"ನಾನು ಉರಿಗಾಂನಿಂದ... ನಿಮ್ಮ ತಂದೆಯ ಚಿತ್ರ ಬರೆದಿದ್ದೆ."

ಕೋದಂಡಪ್ಪ ಕೈಲಿದ್ದ ಹುಲ್ಲಿನ ಕಟ್ಟನ್ನು ಕೆಳಗೆ ಹಾಕಿ ಒಳಗೆ ಕೂಗಿದ. "ಅಮ್ಮೋ! ಅಪ್ಪನ್ನ ಬರೆದ ಸಾಮಿ ಬಂದವ್ರೆ!"

ಅಶ್ವತ್ಥಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಮುದುಕಿಯಾಗಿದ್ದಳು. "ಬನ್ನಿ ಸಾಮಿ, ಒಳೀಕ್ ಬನ್ನಿ. ಬತ್ತೀರಾ ಅಂತ ನಂಗೊತ್ತಿತ್ತು," ಎಂದಳು. ಹದಿನಾರು ವರ್ಷದಿಂದ ಬಾರದವನಿಗೆ ಈ ಮಾತು ಸ್ವಲ್ಪ ಚುಚ್ಚಿತು.

ನಡುಮನೆಯ ಗೋಡೆಯಲ್ಲಿ ಚಿತ್ರವಿತ್ತು. ಗೆದ್ದಲು ಮುಟ್ಟಿರಲಿಲ್ಲ. ಎಣ್ಣೆ, ಅರಿಸಿನ, ಸಾಂಬ್ರಾಣಿಯ ಹೊಗೆ ಸೇರಿ ಅದಕ್ಕೆ ವಾರ್ನಿಷ್ ಹಾಕಿದ್ದವು. ಅವನು ಎರಡು ಹೆಜ್ಜೆ ಮುಂದೆ ಹೋಗಿ ನಿಂತ.

ಕಣ್ಣು ಬಲಗಡೆ ಇರಲಿಲ್ಲ. ಎಡಗಡೆಯೂ ಇರಲಿಲ್ಲ. ನಟ್ಟನಡುವೆ, ಮೂಗಿನ ಎರಡು ಪಕ್ಕದಲ್ಲಿ, ಅಗಲವಾದ ಎರಡು ಬೆಳ್ಳಿ ಕಣ್ಣುಗಳು ಅವನನ್ನೇ ನೆಟ್ಟಗೆ ನೋಡುತ್ತಿದ್ದವು. ಊರಮುಂದಿನ ದೇವತೆಯ ಕಲ್ಲಿಗೆ ಅಂಟಿಸುತ್ತಾರಲ್ಲ, ಅಂಥವು. ಮೂರು ಹಣೆಗಳಿಗೂ ಒಂದೊಂದು ಕುಂಕುಮದ ಬೊಟ್ಟು ಬಿದ್ದಿತ್ತು.

"ಇದೇನಿದು?"

"ಕಣ್ಣು," ಎಂದ ಕೋದಂಡಪ್ಪ.

ಅಶ್ವತ್ಥಮ್ಮ ವಿವರಿಸಿದಳು. ಹಿರಿಯರ ಹಬ್ಬದ ದಿನ, ಮಹಾಲಯ ಅಮಾವಾಸ್ಯೆಗೆ, ಗಂಡನ ಮುಂದೆ ಎಡೆ ಇಡಬೇಕಲ್ಲ. ಮುದ್ದೆ, ಸಾರು, ವಡೆ, ಅವನಿಗೆ ಇಷ್ಟವಾದ ಬೀಡಿ, ಎಲ್ಲ ಇಡುತ್ತಿದ್ದಳು.

"ಏನಿಟ್ರೂ ಅವ್ರು ನೋಡ್ತಾನೇ ಇರ್ಲಿಲ್ಲ ಸಾಮಿ. ನೀವು ಕಣ್ಣು ಎಲ್ಡೂ ಆ ಪಕ್ಕಕ್ಕೆ ಮಡಗ್ಬುಟ್ಟಿದ್ರಿ. ಆ ಪಕ್ಕ ಮುನಿನಾರಾಯಣಪ್ಪನ ಮನೆ. ಎಂಡ್ತಿ ಮಾಡಿದ್ದು ಬುಟ್ಟು ಪಕ್ಕದ್ಮನೆ ಅಡಿಗೆ ನೋಡ್ತಾ ಕುಂತವ್ರೆ ಅಂತ ಎಲ್ರೂ ಆಡ್ಕೊಂಡ್ರು."

"ಓರೆಯಾಗಿ ನೇತಾಕಿ ನೋಡಿದ್ವಿ," ಎಂದ ಕೋದಂಡಪ್ಪ. "ಕಣ್ಣೇನೋ ಎಡೆ ಕಡೆ ತಿರುಗ್ತು. ಮೂಗು ಬಾಗಿಲ ಕಡೆ ಓಯ್ತು."

"ಆಮೇಲೆ ಗಂಗಮ್ಮನ ಕಲ್ಲಿಗೆ ಇಕ್ಕವ್ರಲ್ಲ, ಅಂಗೇ ಮಾಡ್ಸನ ಅಂತ ಬಂಗಾರಪೇಟೇಲಿ ಕೊಂಡ್ಕೊಂಡು ಬಂದು ಜೇನುಮೇಣದಾಗೆ ಅಂಟಿಸ್ದೆ. ಆವತ್ತಿಂದ ತೃಪ್ತಿಯಾಗಿ ನೋಡ್ತಾವ್ರೆ."

ಆದಿನಾರಾಯಣನಿಗೆ ನಗು ಬಂತು, ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಯಾವುದೂ ಹೊರಗೆ ಬರಲಿಲ್ಲ. ಬಂದ ಕೆಲಸ ಹೇಳಿದ. ಬೆಂಗಳೂರಿನ ದೊಡ್ಡವರೊಬ್ಬರು ನೋಡಬೇಕಂತೆ, ಪುಸ್ತಕದಲ್ಲಿ ಹಾಕುತ್ತಾರಂತೆ, ಒಂದು ದಿನದ ಮಟ್ಟಿಗೆ ಕೊಟ್ಟರೆ ನಾಳೆಯೇ ತಂದುಕೊಡುತ್ತೇನೆ.

"ಪುಸ್ತಕದಾಗೆ ಅಪ್ಪನ ಎಸರು ಬತ್ತದಾ?" ಎಂದ ಕೋದಂಡಪ್ಪ.

"ಬರುತ್ತೆ." ಆ ಬಗ್ಗೆ ಅವನು ಯೋಚಿಸಿಯೇ ಇರಲಿಲ್ಲ. "ಈ ಕಣ್ಣು... ಒಂದು ದಿನಕ್ಕೆ ಬಿಡಿಸಬಹುದಾ?"

ಹೊರಗೆ ಹಸು ಮೈ ಕೊಡವಿದ್ದು ಕೇಳಿಸಿತು.

"ಬ್ಯಾಡ ಸಾಮಿ," ಎಂದಳು ಅಶ್ವತ್ಥಮ್ಮ. "ಶುಕ್ರವಾರ ಅಮಾಸೆ. ಈಗ ಬಿಡಿಸಿದ್ರೆ ಮನೆ ದಾರಿ ಎಂಗೆ ಕಾಣ್ತದೆ ಅವ್ರಿಗೆ? ತಕ್ಕೊಂಡೋಗಿ, ಬ್ಯಾಡ ಅನ್ನಲ್ಲ. ಕಣ್ಣು ಮಾತ್ರ ಮುಟ್ಟಲ್ಲ ಅಂತ ಏಳಿ."

"ಮುಟ್ಟಲ್ಲ."

ಕೋದಂಡಪ್ಪ ಚಿತ್ರವನ್ನು ಇಳಿಸಿದ. ಆದಿನಾರಾಯಣ ತಂದಿದ್ದ ಹಳೆಯ ದುಪ್ಪಟಿಯನ್ನು ಬಿಚ್ಚಿದ್ದೇ ಮುದುಕಿ ತಡೆದಳು. ಮುಖ ಮುಚ್ಚಬಾರದು, ಮುಚ್ಚುವುದು ಹೆಣಕ್ಕೆ. ಅವನು ದುಪ್ಪಟಿಯನ್ನು ಮತ್ತೆ ಮಡಿಸಿ ಚೀಲಕ್ಕೆ ತುಂಬಿದ.

ಬಾಗಿಲವರೆಗೆ ಬಂದ ಅಶ್ವತ್ಥಮ್ಮ ಅಲ್ಲಿ ನಿಂತಳು. ಮಗನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ಸಾಮಿ, ಒಂದು ಮಾತು ಕೇಳ್ತೀನಿ. ಆವತ್ತು ಆಸ್ಪತ್ರೇಲಿ ಬಟ್ಟೆ ಸರಿಸಿ ತೋರ್ಸಿದ್ರು. ಇಂಗೇ ಇದ್ರು ಅವ್ರು. ಮೂಗು ಇತ್ಲಾಗೆ, ದವಡೆ ಅತ್ಲಾಗೆ, ಕಣ್ಣು ಎಲ್ಡೂ ಒಂದೇ ಪಕ್ಕ. ಎಲ್ರೂ ಕಿರುಚ್ಕೊಂಡ್ರು, ನಾನು ಕಿರುಚ್ಕೊಳ್ಳಿಲ್ಲ. ನಿಮ್ಮನೇಲಿ ನೋಡಿದ್ನಲ್ಲ ಮೊದ್ಲೇ. ಎಲ್ಡು ವರ್ಸ ಮುಂಚೇನೇ ನಿಮ್ಗೆಂಗೆ ಗೊತ್ತಾಯ್ತು?"

ಆದಿನಾರಾಯಣ ಚಿತ್ರವನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದ. ಪ್ಯಾರಿಸ್ಸಿನವರ ಬಗ್ಗೆ ಹೇಳಬಹುದಿತ್ತು. ಎದುರಿನಿಂದ, ಪಕ್ಕದಿಂದ, ಮೇಲಿನಿಂದ. ಆರು ಭಾನುವಾರ ಅವನು ಆ ಮನುಷ್ಯನ ಕೋನಗಳನ್ನು ನೋಡಿದ್ದ. ಸ್ಟೂಲಿನ ಮೇಲೆ ಕೂತಿದ್ದವನನ್ನು ನೋಡಿದ್ದನೋ ಇಲ್ಲವೋ ಈಗ ನೆನಪಾಗಲಿಲ್ಲ.

"ಬಸ್ಸಿಗೆ ಹೊತ್ತಾಯ್ತು," ಎಂದ.

ಬಂಗಾರಪೇಟೆಗೆ ಹೋಗುವ ಬಸ್ಸು ಭರ್ತಿಯಾಗಿತ್ತು. ಅವನು ಚಿತ್ರವನ್ನು ಎದೆಗವಚಿಕೊಂಡು ಹತ್ತಿದ್ದೇ ತಡ, ಮುಂದಿನ ಸೀಟಿನ ಒಬ್ಬ ಹೆಂಗಸು ದಡಬಡನೆ ಎದ್ದು ಜಾಗ ಬಿಟ್ಟಳು. ಅವನು ಉಪಚಾರದ ಮಾತಾಡಿ ಕೂರಲು ಹೋದ.

"ನಿಮಗಲ್ಲ," ಎಂದಳು ಆಕೆ.

ಸೊಣ್ಣಪ್ಪ ಕಿಟಕಿಯ ಪಕ್ಕ ಕೂತ. ಆದಿನಾರಾಯಣ ಕಂಬಿ ಹಿಡಿದು ನಿಂತ. ಹತ್ತಿದವರೆಲ್ಲ ಚಪ್ಪಲಿ ಬಿಟ್ಟು, ಕೆನ್ನೆ ಮುಟ್ಟಿಕೊಂಡು ಹಿಂದೆ ಹೋದರು. ಕಂಡಕ್ಟರ್ ಚಿತ್ರಕ್ಕೆ ಲಗೇಜು ಟಿಕೆಟ್ಟು ಹರಿಯಲಿಲ್ಲ. ಅವನಿಗೆ ಮಾತ್ರ ಹರಿದ. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಅಕ್ಕಯ್ಯಮ್ಮ ಎಂಬವಳು ಓಡಿಬಂದು ಒಂದು ಮೊಳ ಚೆಂಡುಹೂವನ್ನು ಚೌಕಟ್ಟಿಗೆ ಸುತ್ತಿದಳು. ದುಡ್ಡು ಬೇಡವೆಂದಳು. ಬೇಡ ತಾಯಿ, ಇದು ಕ್ಯೂಬಿಸಂ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಸ್ಟೇಷನ್ನಿನಲ್ಲಿ ಇನ್ನೂ ಅರ್ಧ ಗಂಟೆ ಇತ್ತು. ಪೋರ್ಟರ್ ಕುಪ್ಪುಸ್ವಾಮಿ, "ಫಸ್ಟ್ ಕ್ಲಾಸ್ ಇಂಗೆ ನಿಲ್ತದೆ ಸಾರ್," ಎಂದು ಜಾಗ ತೋರಿಸಿ, ಚಿತ್ರಕ್ಕೆ ಕೈ ಮುಗಿದು, "ಎಂದ ಊರು ಸಾಮಿ?" ಎಂದು ಯಾವ ಊರಿನ ದೇವರೆಂದು ತಮಿಳಿನಲ್ಲಿ ಕೇಳಿದ. ಆದಿನಾರಾಯಣ ಗಡಿಯಾರ ನೋಡಿದ.

ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನಲ್ಲಿ ಚಿತ್ರವನ್ನು ಒರಗಿಸಿ ಎದುರಿಗೆ ಕೂತ. ಬೆಳ್ಳಿ ಕಣ್ಣು ಇರುವವರೆಗೆ ಇದು ಯಾರ ಚಿತ್ರವೂ ಅಲ್ಲ, ಎಲ್ಲಿಯದೋ ಒಂದು ದೇವರ ಪಟ. ವಿಮರ್ಶಕರು ನೋಡುತ್ತಾರೆ, ನಗುತ್ತಾರೆ, ಪುಸ್ತಕ ಅವನಿಲ್ಲದೆ ಅಚ್ಚಾಗುತ್ತದೆ. ಐದು ನಿಮಿಷ ಕಣ್ಣು ತೆಗೆದಿಟ್ಟು ಮತ್ತೆ ಅಂಟಿಸಿದರೆ ಬೂದಿಕೋಟೆಯಲ್ಲಿ ಕೂತ ಮುದುಕಿಗೆ ಏನು ಗೊತ್ತಾಗುತ್ತದೆ? ಮಾತು ಕೊಟ್ಟದ್ದು ನಿಜ. ಮಾತು ಕೊಡದಿದ್ದರೆ ಚಿತ್ರ ಸಿಗುತ್ತಿರಲಿಲ್ಲ, ಅದೂ ನಿಜ.

ಚೆಂಡುಹೂವನ್ನು ಪಕ್ಕಕ್ಕೆ ಸರಿಸಿ, ಒಂದು ಕಣ್ಣಿನ ಅಂಚಿಗೆ ಹೆಬ್ಬೆರಳಿನ ಉಗುರು ಹಾಕಿದ. ಮೇಣ ಬಿಸಿಲಿಗೆ ಮೆತ್ತಗಾಗಿತ್ತು. ಕಣ್ಣು ಸುಲಭವಾಗಿ ಬಂತು.

ಬಣ್ಣವೂ ಬಂತು. ಹದಿನೆಂಟು ವರ್ಷದ ಹಿಂದೆ ಅವನು ಎಷ್ಟೋ ಯೋಚಿಸಿ ಹಾಕಿದ್ದ ಬೂದು, ಕಂದು, ಮಾಸಲು ಹಸಿರು, ಎಲ್ಲ ಮೇಣಕ್ಕೆ ಅಂಟಿಕೊಂಡು ಬಂದುಬಿಟ್ಟಿತು. ಕೆಳಗೆ ಪ್ಯಾಕಿಂಗ್ ಪೆಟ್ಟಿಗೆಯ ಬರೀ ಮರ ಕಾಣಿಸಿತು. ಅವನು ಬಗ್ಗಿ ಅದರ ಪಕ್ಕದಲ್ಲಿ ತಾನು ಬರೆದ ಕಣ್ಣುಗಳನ್ನು ಹುಡುಕಿದ. ಕುಂಕುಮ, ಎಣ್ಣೆ, ಮಸಿ. ಬಲಗಡೆಯೂ ಇರಲಿಲ್ಲ, ಎಡಗಡೆಯೂ ಇರಲಿಲ್ಲ. ಎಷ್ಟೋ ವರ್ಷದ ಹಿಂದೆಯೇ, ಪ್ರತಿ ಹಬ್ಬಕ್ಕೂ ಅಶ್ವತ್ಥಮ್ಮ ಗಂಡನ ಮುಖ ಒರೆಸಿ ಒರೆಸಿ ಅವು ಹೋಗಿದ್ದಿರಬೇಕು.

ಈಗ ಆ ಮುಖದಲ್ಲಿ ನೋಡುತ್ತಿದ್ದದ್ದು ಇನ್ನೊಂದು ಬೆಳ್ಳಿ ಕಣ್ಣು ಮಾತ್ರ. ಅದು ಅವನನ್ನೇ ನೋಡುತ್ತಿತ್ತು.

ಅವನಿಗೆ ಹೆದರಿಕೆಯಾಯಿತು. ಡ್ರಾಯಿಂಗ್ ಆಫೀಸಿನಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ, ದೇವರ ಬಗ್ಗೆ ಖಚಿತವಾದ ಅಭಿಪ್ರಾಯಗಳಿದ್ದ ಮನುಷ್ಯ ಮೇಣವನ್ನು ಹಿಸುಕಿ, ಕಣ್ಣನ್ನು ಇದ್ದ ಜಾಗಕ್ಕೇ ಒತ್ತಿದ. ಕೂತಿತು. ಗಟ್ಟಿಯಾಗಿ ಕೂತಿತೇ ಇಲ್ಲವೇ ನೋಡುವಷ್ಟರಲ್ಲಿ ಗಂಟೆ ಹೊಡೆದರು.

ಗಾಡಿ ಬಂತು. ಕುಪ್ಪುಸ್ವಾಮಿ ಹೇಳಿದ ಜಾಗದಲ್ಲೇ ಫಸ್ಟ್ ಕ್ಲಾಸು ನಿಂತಿತು. ಮೂರನೇ ಕಿಟಕಿಯಲ್ಲಿ ವಿಮರ್ಶಕರು ಕಿತ್ತಳೆ ಹಣ್ಣು ಸುಲಿಯುತ್ತ ಕೂತಿದ್ದರು. ಅದೇ ದಪ್ಪ ಕನ್ನಡಕ. ಕೂದಲು ಬೆಳ್ಳಗಾಗಿತ್ತು. ಆದಿನಾರಾಯಣನ ಕೂದಲು ಬೆಳ್ಳಗಾಗಿರಲಿಲ್ಲ, ಪೂರ್ತಿ ಹೋಗಿತ್ತು. ಅವನು ಕಿಟಕಿಯ ಮುಂದೆ ಹೋಗಿ ಚಿತ್ರವನ್ನು ಎತ್ತಿ ಹಿಡಿದ. 'ನಮಸ್ಕಾರ ಸಾರ್, ನಾನು ಆದಿನಾರಾಯಣ' ಎಂಬ ಮಾತು ಬೆಳಿಗ್ಗೆಯಿಂದ ಬಾಯಲ್ಲಿ ಸಿದ್ಧವಾಗಿತ್ತು.

ವಿಮರ್ಶಕರು ತಲೆ ಎತ್ತಿದರು. ಚಿತ್ರವನ್ನು ನೋಡಿದರು. ಸುಮ್ಮನೆ ಅಲ್ಲ, ಕನ್ನಡಕ ಸರಿಮಾಡಿಕೊಂಡು, ಕಿತ್ತಳೆಯ ತೊಳೆಯನ್ನು ಕೈಯಲ್ಲೇ ಹಿಡಿದು ನೋಡಿದರು. ಹದಿನೇಳು ವರ್ಷದಿಂದ ಯಾರೂ ಹಾಗೆ ಅವನ ಚಿತ್ರ ನೋಡಿರಲಿಲ್ಲ. ಅವನ ಕಿವಿ ಬಿಸಿಯಾಯಿತು.

ಅವರು ಜೇಬಿಗೆ ಕೈ ಹಾಕಿದರು. ಎಂಟಾಣೆಯ ನಾಣ್ಯ ತೆಗೆದು, ತಮ್ಮ ಎರಡು ಕಣ್ಣಿಗೂ ಒತ್ತಿಕೊಂಡು, ಕಿಟಕಿಯ ಕಂಬಿಯ ನಡುವೆ ಕೈ ತೂರಿಸಿ ಚೌಕಟ್ಟಿನ ಕೆಳಗಿನ ಸಂದಿಯಲ್ಲಿ ಇಟ್ಟರು.

"ಯಾವ ದೇವರಪ್ಪ ಇದು?"

ಇನ್ನೂ ನಾಲ್ಕು ನಿಮಿಷವಿತ್ತು. ಹೇಳಲು ಅಷ್ಟು ಸಾಕಿತ್ತು.

"ಸೊಣ್ಣಪ್ಪ," ಎಂದ ಆದಿನಾರಾಯಣ.

"ಓ." ಅವರು ತಲೆದೂಗಿದರು. "ಇಲ್ಲಿ ಒಬ್ಬರು ಚಿತ್ರ ಬರೆಯೋರು ಬರಬೇಕಿತ್ತು. ಕೈಲಿ ಪೇಂಟಿಂಗ್ ಇರುತ್ತೆ. ಎಲ್ಲಾದರೂ ಕಂಡ್ರಾ?"

"ಇಲ್ಲ ಸಾಮಿ. ಯಾರೂ ಬಂದಂಗಿಲ್ಲ." ಮೂವತ್ತು ವರ್ಷದಿಂದ ಆಡದ ಹುಟ್ಟೂರಿನ ಮಾತು ತಾನಾಗಿ ಬಂತು, ಎಲ್ಲೂ ತೊಡರಲಿಲ್ಲ.

"ನಿನ್ನೆ ಮೊನ್ನೆಯೋರು ಆಗಿದ್ರೆ ಬರ್ತಿದ್ರು. ಹಳಬರು ಹೀಗೇನೇ," ಎಂದು ಅವರು ಎದುರಿನ ಸೀಟಿನವರಿಗೆ ಹೇಳಿ ಕಿತ್ತಳೆಯ ತೊಳೆಯನ್ನು ಬಾಯಿಗೆ ಹಾಕಿಕೊಂಡರು.

ಅವನು ಅಲ್ಲಿಂದ ಹೋಗಲಿಲ್ಲ. ಹೋಗಿದ್ದರೆ ಅನುಮಾನ ಬರುತ್ತಿತ್ತೋ ಏನೋ. ಉಳಿದ ನಾಲ್ಕು ನಿಮಿಷವೂ ಚಿತ್ರವನ್ನು ಎತ್ತಿ ಹಿಡಿದು ನಿಂತಿದ್ದ. ವಿಮರ್ಶಕರು ಆಗಾಗ ಅವನ ತಲೆಯ ಮೇಲಿಂದ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕಣ್ಣು ಹಾಯಿಸಿ ಆದಿನಾರಾಯಣನನ್ನು ಹುಡುಕುತ್ತಿದ್ದರು.

ಗಾಡಿ ಹೊರಟಿತು. ಮೂರನೇ ಕಿಟಕಿ ಹೋಯಿತು. ಹಿಂದಿನ ಡಬ್ಬಿಗಳ ಕಿಟಕಿಗಳು ಒಂದೊಂದಾಗಿ ಬಂದವು. ಪ್ರತಿ ಕಿಟಕಿಯಲ್ಲೂ ಯಾರೋ ಬೆಳ್ಳಿ ಕಣ್ಣು ಕಂಡು ಕೈ ಮುಗಿದರು. ಒಬ್ಬ ತಾಯಿ ಮಗುವಿನ ಕೈಗಳನ್ನು ಹಿಡಿದು ಜೋಡಿಸಿದಳು. ಬೆಂಗಳೂರಿನ ಪ್ರದರ್ಶನಕ್ಕೆ ಆರು ದಿನದಲ್ಲಿ ನಲವತ್ತು ಜನ ಬಂದಿದ್ದರು. ಈಗ ಅರ್ಧ ನಿಮಿಷದಲ್ಲಿ ಸಾವಿರ ಜನ ನೋಡಿದರು.

ಅವನಿಗೆ ಆ ಕೈಗಳನ್ನು ನೋಡಲಾಗಲಿಲ್ಲ. ಚಿತ್ರವನ್ನು ಇನ್ನೂ ಮೇಲಕ್ಕೆತ್ತಿ ತನ್ನ ಮುಖಕ್ಕೆ ಅಡ್ಡ ಹಿಡಿದ.

ಪ್ಲೈವುಡ್ಡಿನ ಹಿಂಬದಿ ಅವನ ಮೂಗಿಗೆ ಒಂದು ಗೇಣು ದೂರದಲ್ಲಿತ್ತು. ಎಣ್ಣೆ, ಅರಿಸಿನ, ಹೊಗೆ ಯಾವುದೂ ಅಲ್ಲಿಗೆ ತಲುಪಿರಲಿಲ್ಲ. ಅಕ್ಷರಗಳು ನಿನ್ನೆ ಬರೆದಷ್ಟು ಕಪ್ಪಗಿದ್ದವು. ಆದಿನಾರಾಯಣ, ೧೯೬೪.

ಗಾಡಿಯ ಸದ್ದು ಕಾಮಸಮುದ್ರದ ಕಡೆ ಕರಗಿತು. ಪ್ಲಾಟ್‌ಫಾರ್ಮು ಖಾಲಿಯಾಯಿತು. ಆಗ ಚಿತ್ರದ ಆ ಪಕ್ಕದಿಂದ ಏನೋ ಜಾರಿ, ಕಲ್ಲಿನ ಮೇಲೆ ಟಿಣ್ ಎಂದು ಬಿದ್ದು, ಉರುಳಿಕೊಂಡು ಹೋಗಿ ಹಳಿಯ ಕಡೆ ಎಲ್ಲೋ ನಿಂತಿತು. ಎಂಟಾಣೆ ಇರಬೇಕು. ಅಥವಾ ಕಣ್ಣು. ಕಣ್ಣಾಗಿದ್ದರೆ ಬಲಗಡೆಯದೋ ಎಡಗಡೆಯದೋ, ಅವನು ನಿಂತ ಕಡೆಯಿಂದ ಗೊತ್ತಾಗುವಂತಿರಲಿಲ್ಲ. ಬಗ್ಗಿ ನೋಡಿದರೆ ಗೊತ್ತಾಗುತ್ತಿತ್ತು. ಅವನು ತೋಳು ಇಳಿಸದೆ, ತನ್ನ ಹೆಸರನ್ನು ಇನ್ನೊಮ್ಮೆ ಮೊದಲಿಂದ ಓದಿದ.